ನಾಲಿಗೆಗೆ ಅಂಟದ ಮೂಳೆ

ನನ್ನ ವಾರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇತ್ತು ಅಂತ ಯಾಕೆ ಹೇಳಲಿ, ಈಗಲೂ ಇದೆ. ಒಂದೇ ಮನೆಗೆ ಬಂದ ಇಬ್ಬರು ಸೊಸೆಯರ ನಡುವೆ ಇದೇನು ಹೊಸದಲ್ಲ. ಆದರೆ ಬೇರೆ ಮನೆಗಳಲ್ಲಿ ಅದು ಓಲೆಗೋ, ಸೀರೆಗೋ, ಅತ್ತೆಯ ಒಲವಿಗೋ ಹುಟ್ಟುತ್ತದೆ. ನನಗೆ ಹುಟ್ಟಿದ್ದು ಒಂದು ಇಲಿಯ ದವಡೆಯಿಂದ. ಭತ್ತದ ಕಾಳಿಗಿಂತ ಚೂರು ಉದ್ದ, ಸಾವಿರಾರು ವರ್ಷದ ಹಿಂದೆ ಸತ್ತ ಇಲಿಯದು. ನಗುವವರು ನಗಲಿ, ನಾನು ಆ ದವಡೆಗಾಗಿ ಮೂರು ದಿನ ಸರಿಯಾಗಿ ಊಟ ಮಾಡಿಲ್ಲ.

ನಾನು ಹುಟ್ಟಿದ್ದು ಹೊಗೆನಕಲ್ಲಿನ ಆಚೆ ದಡದಲ್ಲಿ, ಕರ್ನಾಟಕದ ಕಡೆ. ಪಿಯುಸಿವರೆಗೆ ಕನ್ನಡದಲ್ಲೇ ಓದಿದೆ. ಅಕ್ಷರ ದುಂಡಗಿದೆ ಅಂತ ಶಾಲೆಯ ಕರಿಹಲಗೆಯ ಮೇಲೆ ದಿನಕ್ಕೊಂದು ಒಳ್ಳೆಯ ಮಾತು ಬರೆಯುವ ಕೆಲಸ ನನಗೇ ಕೊಟ್ಟಿದ್ದರು. ಮದುವೆಯಾಗಿ ತೆಪ್ಪದಲ್ಲಿ ಹೊಳೆ ದಾಟಿ, ಎರಡು ಬಸ್ಸು ಬದಲಾಯಿಸಿ, ಮೆಟ್ಟೂರಿಗೂ ಶಂಕಗಿರಿಗೂ ನಡುವಿನ ಈ ಊರಿಗೆ ಬಂದೆ. ಇಲ್ಲಿ ಮನೆಯಲ್ಲಿ ಆಡುವುದು ಕನ್ನಡ, ಓದುವುದು ತಮಿಳು. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಚೀಟಿ, ಪಂಚಾಯಿತಿಯ ನೋಟೀಸು, ಎಲ್ಲವೂ ತಮಿಳೇ. ಹನ್ನೆರಡು ವರ್ಷ ಓದಿದವಳು ಒಂದೇ ದಿನಕ್ಕೆ ಹೆಬ್ಬೆಟ್ಟಾದೆ. ಆಮೇಲೆ ಮಗಳ ಒಂದನೇ ಕ್ಲಾಸಿನ ಪುಸ್ತಕ ಹಿಡಿದು ತಮಿಳು ಕಲಿತೆ, ಅದು ಬೇರೆ ಮಾತು.

ವಾರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ, ಹರೂರು ಕಡೆಯವಳು. ಶಾಲೆಗೆ ಹೋದದ್ದು ಐದನೇ ಕ್ಲಾಸಿನವರೆಗೆ. ಮಿಕ್ಕಿದ್ದೆಲ್ಲ ಕುರಿಗಳ ಹಿಂದೆ. ಮದುವೆಯಲ್ಲಿ ಅವಳ ಅಪ್ಪ ಬಳುವಳಿಯಾಗಿ ಆರು ಕುರಿ ಕೊಟ್ಟು ಕಳಿಸಿದ್ದ. ಬಳುವಳಿ ಕುರಿ ನಮ್ಮಲ್ಲಿ ಹೆಂಗಸಿನದೇ ಸೊತ್ತು. ಮಾರುವುದಿರಲಿ, ಕಡಿಯುವುದಿರಲಿ, ಅವಳು ಹೂಂ ಅನ್ನದೆ ಗಂಡನೂ ಮುಟ್ಟುವ ಹಾಗಿಲ್ಲ. ನಾನು ಬರುವಾಗ ಒಂದು ಟ್ರಂಕು ತಂದಿದ್ದೆ, ಅದರ ತುಂಬ ನೋಟ್‌ಬುಕ್ಕು. ಅತ್ತೆ ಅದನ್ನು ನೋಡಿ, "ಇದ್ನ ಮೇಯಿಸೋಕೆ ಎಲ್ಲಿಗೆ ಓಗ್ಬೇಕಮ್ಮಾ?" ಅಂತ ಕೇಳಿದ್ದರು.

ನಮ್ಮ ಊರ ಹಿಂದೆ ಸುಣ್ಣಕಲ್ಲಿನ ಗುಡ್ಡ. ಗುಡ್ಡದಲ್ಲೊಂದು ಗವಿ, ಗವಿಯ ಬಾಯಲ್ಲಿ ನಮ್ಮ ಮನೆದೇವರ ಕಲ್ಲು. ಹರಕೆಯ ಟಗರನ್ನು ಅಲ್ಲೇ ಕೊಡುವುದು. ಊಟವಾದ ಮೇಲೆ ಅದರ ಮೂಳೆಯನ್ನು ನಾಯಿಗೆ ಹಾಕುವಂತಿಲ್ಲ. ಒಂದೂ ಬಿಡದೆ ಆರಿಸಿ, ಅರಿಸಿನದ ನೀರಲ್ಲಿ ತೊಳೆದು, ದೇವರ ಕಲ್ಲಿನ ಬುಡದಲ್ಲಿ ತೋಳುದ್ದ ಗುಂಡಿ ತೋಡಿ ಹೂಳುತ್ತಾರೆ. ಅದು ಗಂಡಸರ ಕೆಲಸ, ಆ ಹೊತ್ತಿಗೆ ಸೊಸೆಯರು ಒಳಗಿರಬಾರದು. ಉಳಿದ ದಿನ ಯಾರು ಬೇಕಾದರೂ ಹೋಗಬಹುದು, ಮಳೆ ಬಂದರೆ ಕುರಿಗಳೂ ಅಲ್ಲೇ ನಿಲ್ಲುತ್ತವೆ.

ಹೋದ ಪೊಂಗಲ್ ಮುಗಿದ ಮೇಲೆ ಸೇಲಂನ ಒಂದು ಕಾಲೇಜಿನಿಂದ ಮೇಡಂ ಒಬ್ಬರು ಬಂದರು. ಗವಿಯ ಮಣ್ಣಿನಲ್ಲಿ ಹಳೇ ಕಾಲದ ಪ್ರಾಣಿಗಳ ಮೂಳೆ ಇದೆ, ಅಗೆದು ನೋಡಬೇಕು ಅಂದರು. ಊರ ಹಿರಿಯರು ದೇವರ ಕಲ್ಲಿನ ಸುತ್ತ ಮುಟ್ಟಬೇಡಿ, ಒಳಗಡೆ ಏನಾದರೂ ಮಾಡಿಕೊಳ್ಳಿ ಅಂದರು. ಮೇಡಂ ಕಲ್ಲಿನ ಸುತ್ತ ಹಗ್ಗ ಕಟ್ಟಿದರು, ಒಂದು ದಿನವೂ ಅದನ್ನು ದಾಟಲಿಲ್ಲ. ಮಣ್ಣು ಜರಡಿ ಹಿಡಿಯಲು ಹೆಂಗಸರು ಬೇಕು, ಅದರಲ್ಲಿ ಬರೆಯಲು ಬರುವವಳು ಒಬ್ಬಳು ಬೇಕು ಅಂದಾಗ ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ನಿಂತೆ. ಒಬ್ಬಳೇ ಹೋಗುವುದು ಬೇಡ ಅಂದರು ಅತ್ತೆ. ಸರಿ, ವಾರಗಿತ್ತಿಯನ್ನೂ ಕರೆದುಕೊಂಡು ಹೋದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ಕರೆದವಳು ನಾನೇ, ಯಾರನ್ನು ಬೈಯಲಿ?

ಕೆಲಸ ಹೀಗೆ. ಗವಿಯ ನೆಲಕ್ಕೆ ದಾರ ಕಟ್ಟಿ ಚೌಕ ಚೌಕ ಮಾಡಿದ್ದರು. ಅಗೆಯುವವನು ಒಂದು ಚೌಕದಲ್ಲಿ ಬೆರಳುದ್ದ ಬೆರಳುದ್ದ ಇಳಿದು ಮಣ್ಣನ್ನು ಬಕೆಟ್ಟಿಗೆ ತುಂಬುತ್ತಿದ್ದ. ನಾವು ಅದನ್ನು ಬಾವಿಕಟ್ಟೆಗೆ ಹೊತ್ತು, ಸಣ್ಣ ಜರಡಿಯಲ್ಲಿ ನೀರು ಬಿಟ್ಟು ತೊಳೆದು, ಉಳಿದದ್ದನ್ನು ಬಟ್ಟೆಯ ಮೇಲೆ ಒಣಗಿಸಿ, ತಟ್ಟೆಗೆ ಹಾಕಿಕೊಂಡು ಕಲ್ಲು ಬೇರೆ, ಮೂಳೆ ಬೇರೆ ಆರಿಸಬೇಕು. ಸಿಕ್ಕಿದ್ದನ್ನು ಕವರಿಗೆ ಹಾಕಿ ಯಾವ ಚೌಕ, ಎಷ್ಟು ಆಳ ಅಂತ ಲೇಬಲ್ ಬರೆಯುವುದು ನನ್ನ ಕೆಲಸ. ಜೊತೆಗೆ ಒಂದು ಪುಸ್ತಕ. ಮಣ್ಣಿನ ಬಣ್ಣ ಬದಲಾದರೆ, ಗಟ್ಟಿ ಇದ್ದದ್ದು ಸಡಿಲವಾದರೆ, ಅದರಲ್ಲಿ ಬರೆಯಬೇಕು. ಮೂಳೆ ಕಳೆದರೂ ಪರವಾಗಿಲ್ಲ, ಪುಸ್ತಕ ತಪ್ಪಬಾರದು ಅಂತ ಮೇಡಂ ಮೊದಲ ದಿನವೇ ಹೇಳಿದ್ದರು. ಆ ಪುಸ್ತಕ ಕೈಗೆ ಬಂದ ದಿನ ನಾನು ಪಟ್ಟದ ರಾಣಿಯ ಹಾಗೆ ಮನೆಗೆ ನಡೆದೆ.

ಅದೇ ಮೊದಲ ದಿನ ಮೇಡಂ ಇನ್ನೊಂದು ಹೇಳಿಕೊಟ್ಟರು. ಮೂಳೆಯೋ ಕಲ್ಲೋ ಗೊತ್ತಾಗದಿದ್ದರೆ ನಾಲಿಗೆಯ ತುದಿಗೆ ಮುಟ್ಟಿಸಿ. ಕಲ್ಲು ಜಾರುತ್ತದೆ. ಬಹಳ ಹಳೆಯ ಮೂಳೆಯಲ್ಲಿ ಜಿಡ್ಡೆಲ್ಲ ಹೋಗಿ ಬರೀ ಸಣ್ಣ ತೂತುಗಳಿರುತ್ತವೆ, ಅದು ನಾಲಿಗೆಯ ತೇವ ಹೀರಿ ಅಂಟಿಕೊಳ್ಳುತ್ತದೆ. ಹೊಸ ಮೂಳೆ ಅಂಟುವುದಿಲ್ಲ. ನಾನು "ಥೂ" ಅಂದೆ. ಇಲಿ, ಬಾವಲಿ ಉಚ್ಚೆ ಹೊಯ್ದ ಮಣ್ಣನ್ನು ನೆಕ್ಕಲು ನನಗೇನು ಬಂದಿದೆ? ವಾರಗಿತ್ತಿ ಅಷ್ಟು ಹೊತ್ತಿಗೆ ಒಂದು ಚೂರನ್ನು ನಾಲಿಗೆಗೆ ಅಂಟಿಸಿಕೊಂಡು ನಮ್ಮಿಬ್ಬರಿಗೂ ತೋರಿಸುತ್ತಿದ್ದಳು.

ನಾಲ್ಕನೇ ದಿನ ನಾನು ಆರಿಸಿ ಮುಗಿಸಿ, ಏನೂ ಇಲ್ಲ ಅಂತ ಬದಿಗಿಟ್ಟ ತಟ್ಟೆಯನ್ನು ಅವಳು ಎಳೆದುಕೊಂಡಳು. "ಅಕ್ಕಾ, ಇಲ್ಲೊಂದು ಐತೆ," ಅಂದಳು. ಉಗುರಿನ ತುದಿಯಲ್ಲಿ ಆ ಇಲಿಯ ದವಡೆ. ಮೇಡಂ ಕನ್ನಡಕ ಮೇಲೇರಿಸಿ ನೋಡಿ, "ಎಪ್ಪಡಿ ಕಂಡುಪಿಡಿಚ್ಚೆ? ಸೂಪರ್ ಮಾ!" ಅಂದರು, ಹೇಗೆ ಕಂಡುಹಿಡಿದೆ ಅಂತ ಅವಳ ಬೆನ್ನು ತಟ್ಟಿದರು. ನನ್ನ ತಟ್ಟೆ! ನಾನು ತೊಳೆದ ಮಣ್ಣು! ಅದಕ್ಕೆ ಲೇಬಲ್ ಬರೆಯುವಾಗ ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿಯಿತು.

ಅಲ್ಲಿಂದ ಶುರು. ಮುಳ್ಳುಹಂದಿ ಕಡಿದ ಹಲ್ಲಿನ ಗುರುತು ಇರುವ ಮೂಳೆ ಸಿಕ್ಕಿತು, ಅವಳಿಗೆ. ಜಿಂಕೆಯ ಗೊರಸಿನ ಮೂಳೆ, ಅವಳಿಗೆ. ಚೂರು ಮೂಳೆ ಕೊಟ್ಟರೆ ಮುಂಗಾಲಿನದೋ ಹಿಂಗಾಲಿನದೋ, ಎಡದ್ದೋ ಬಲದ್ದೋ ಅಂತ ಹೇಳುತ್ತಿದ್ದಳು. ಮೇಡಂ ಪುಸ್ತಕ ತೆಗೆದು ಚಿತ್ರ ನೋಡಿ ಹೌದು ಅನ್ನುತ್ತಿದ್ದರು. ಹುಟ್ಟಿದಾಗಿಂದ ಕುರಿಯ ಕಾಲು ನೀವಿದವಳಿಗೆ ಅದೇನು ದೊಡ್ಡದು ಅಂತ ನಾನು ಗೊಣಗಿದೆ. ಆದರೆ ದೊಡ್ಡದು ಅಂತ ನನಗೆ ಗೊತ್ತಿತ್ತು. ಮೇಡಂ ಮಧ್ಯಾಹ್ನ ಅವಳ ಪಕ್ಕ ಕೂತು ಅವಳ ಡಬ್ಬಿಯ ಹುರುಳಿ ಸಾರು ತಿನ್ನುತ್ತಿದ್ದರು. ಅದನ್ನು ಬೆಳಿಗ್ಗೆ ಎದ್ದು ಮಾಡಿದ್ದು ನಾನು.

ಹೊಟ್ಟೆಕಿಚ್ಚು ಸುಮ್ಮನಿರುತ್ತದೆಯೇ? ಒಂದು ದಿನ ಅತ್ತೆಯ ಹತ್ತಿರ, "ಅವಳ ಕಂದು ಕುರಿ ಕುಂಟುತ್ತಿದೆ, ಅವಳು ನೋಡುತ್ತಲೇ ಇಲ್ಲ," ಅಂತ ಹೇಳಿದೆ. ಕುರಿ ಚೆನ್ನಾಗೇ ಇತ್ತು. ಅತ್ತೆ ಅವಳನ್ನು ಮನೆಯಲ್ಲಿ ಉಳಿಸಿಕೊಂಡರು. ನಾನು ಖುಷಿಯಾಗಿ ಗವಿಗೆ ಹೋದರೆ, ಮೇಡಂ ಇಡೀ ದಿನ ನನ್ನನ್ನು ಕೇಳಿದ್ದು ಒಂದೇ ಮಾತು, "ಅವಳು ಯಾಕೆ ಬಂದಿಲ್ಲ?" ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ.

ಇಷ್ಟಾದರೂ ನಾನು ಕೆಲಸ ಬಿಡಲಿಲ್ಲ. ಒಂದು ಮಧ್ಯಾಹ್ನ ಮೇಡಂ ತಟ್ಟೆಯಲ್ಲಿದ್ದ ದವಡೆಗಳನ್ನು ತೋರಿಸಿ, ಈ ಇಲಿ ಹಸಿರು ಹುಲ್ಲಿಲ್ಲದ ಕಡೆ ಬದುಕುವುದೇ ಇಲ್ಲ, ಇದು ಇತ್ತು ಅಂದರೆ ಇಲ್ಲೆಲ್ಲ ಆಳೆತ್ತರ ಹುಲ್ಲಿತ್ತು ಅಂದರು. ಕೆಳಗಿನ ಪದರದಲ್ಲಿ ಸಿಕ್ಕ ಒಂದು ದೊಡ್ಡ ಹಲ್ಲಿನ ಚೂರು ಘೇಂಡಾಮೃಗದ್ದಿರಬಹುದು, ಅದಕ್ಕೆ ಹೊರಳಾಡಲು ಕೆಸರು ಬೇಕು ಅಂದರು. ಸೀಮೆಜಾಲಿ ಬಿಟ್ಟರೆ ಬೇರೆ ಹಸಿರು ಕಾಣದ ಈ ಊರಿನಲ್ಲಿ ಕೆಸರು! ಅವತ್ತು ಗುಡ್ಡ ಇಳಿಯುವಾಗ ನನ್ನ ಕಾಲಡಿ ಹುಲ್ಲು ಸರಸರ ಅಂದ ಹಾಗಾಯಿತು. ಮನೆಗೆ ಬಂದು ಟ್ರಂಕು ತೆಗೆದೆ. ಖಾಲಿ ಹಾಳೆ ಉಳಿದಿದ್ದ ನೋಟ್‌ಬುಕ್ಕು ಹುಡುಕಿ, ಮೇಡಂ ಹೇಳಿದ್ದೆಲ್ಲವನ್ನೂ ಕನ್ನಡದಲ್ಲಿ ಬರೆದೆ. ಮದುವೆಯಾದ ಮೇಲೆ ನಾನು ಕನ್ನಡದಲ್ಲಿ ಬರೆದ ಮೊದಲ ಪುಟ ಅದು.

ಹಾಗಿರುವಾಗ ಮೇಡಂ ಒಂದು ಸುದ್ದಿ ಹೇಳಿದರು. ಬೇಸಿಗೆಗೆ ಅಗೆತ ನಿಲ್ಲುತ್ತದೆ. ಮೂಳೆಗಳೆಲ್ಲ ಸೇಲಂಗೆ ಹೋಗುತ್ತವೆ. ಅಲ್ಲಿ ಅವನ್ನು ವಿಂಗಡಿಸಲು ಒಬ್ಬರು ಬೇಕು, ನಿಮ್ಮಿಬ್ಬರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗುತ್ತೇನೆ. ಒಂದು ವರ್ಷದ ಕೆಲಸ. ಒಂದು ಮೇಜು, ಒಂದು ಲೈಟು, ಒಂದು ದೊಡ್ಡ ಭೂತಗನ್ನಡಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರಬಹುದು. ನನಗೆ ಮೇಜು ಅನ್ನುವ ಮಾತು ಒಂದೇ ಕೇಳಿಸಿತು. ದೇವರೇ, ಅದೊಂದು ನನಗೆ ಕೊಡು, ಬೇರೇನೂ ಕೇಳುವುದಿಲ್ಲ ಅಂದೆ. ಪಕ್ಕದಲ್ಲಿ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಆ ದಿನದಿಂದ ನಾನು ಅವಳ ಮುಖ ನೋಡಿ ಮಾತಾಡುವುದನ್ನು ಬಿಟ್ಟೆ.

ಕೊನೆಯ ವಾರ ಗವಿಯ ಒಳಮೂಲೆಯ ಚೌಕ ಅಗೆಯುತ್ತಿದ್ದರು. ಅಗೆಯುವವನು ಕೆಳಗಿನಿಂದ, "ಇಲ್ಲಿ ಮಣ್ಣು ಲೂಸಾಗೈತೆ, ಬರ್ಕೊಳಮ್ಮಾ," ಅಂದ. ಸರಿಯಾಗಿ ಅದೇ ಹೊತ್ತಿಗೆ ಹೊರಗೆ ಮೇಡಂ ಮತ್ತು ಅವಳು ಏನಕ್ಕೋ ಜೋರಾಗಿ ನಕ್ಕರು. ನನ್ನ ಕಿವಿ ಅತ್ತ ಹೋಯಿತು. ಏನು ಅಷ್ಟು ನಗು? ನನ್ನ ಬಗ್ಗೆಯೇ ಇರಬೇಕು. ಪೆನ್ನು ಕೈಯಲ್ಲೇ ಇತ್ತು, ಬರೆಯಲಿಲ್ಲ.

ಆ ಬಕೆಟ್ಟನ್ನು ನಾನೇ ತೊಳೆದೆ. ಜರಡಿಯಲ್ಲಿ ನೀರು ಇಳಿದ ಮೇಲೆ ಒಂದು ಇಡೀ ದವಡೆ ಉಳಿಯಿತು. ಮಣ್ಣಿನ ಕೆಂಪು ಹತ್ತಿದ, ಹಲ್ಲುಗಳೆಲ್ಲ ಇದ್ದ ದವಡೆ. ನಾನು ಕೂಗಿದ್ದು ಗುಡ್ಡದ ಕೆಳಗೂ ಕೇಳಿಸಿರಬೇಕು. ಮೇಡಂ ಓಡಿ ಬಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ, ಇದು ಕುರಿ, ಇಷ್ಟು ಆಳದಲ್ಲಿ ಕುರಿ ಇರುವ ಹಾಗಿಲ್ಲ, ಒದ್ದೆಯಲ್ಲಿ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ, ಪರೀಕ್ಷೆಗೆ ಕಳಿಸುತ್ತೇನೆ, ಇದು ನಿಜವಾದರೆ ಬಹಳ ದೊಡ್ಡ ಮಾತು ಅಂದರು. "ಅಲ್ಲಿ ಮಣ್ಣು ಬೇರೆ ಥರ ಇತ್ತಾ? ಗುಂಡಿ ಏನಾದರೂ?" ಅಂತ ಕೇಳಿದರು. ಅಗೆಯುವವನು ಬೀಡಿ ಸೇದಲು ಹೋಗಿದ್ದ. ನಾನು ಪುಸ್ತಕ ತೆರೆದೆ. ಅದರಲ್ಲಿ ಇರಲಿಲ್ಲ. "ಇಲ್ಲ ಮೇಡಂ," ಅಂದೆ. ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲ ಅಂದರೆ ಸುಳ್ಳಾಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

"ನೀನೇ ಸೇಲಂಗೆ ಬಾಮ್ಮಾ," ಅಂದರು ಮೇಡಂ. "ಪುಸ್ತಕ ಇಷ್ಟು ಚೊಕ್ಕವಾಗಿ ಇಟ್ಟಿದ್ದೀಯ."

ವಾರಗಿತ್ತಿ ಆ ದವಡೆಯನ್ನು ಕೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಹಲ್ಲಿನ ಸಾಲನ್ನು ಸವರಿದಳು, ಒಂದು ಕಡೆ ಬೆರಳು ನಿಂತಿತು. ಮುಖ ಬಾಡಿ ಹೋಯಿತು. ದವಡೆಯನ್ನು ಬಟ್ಟೆಯ ಮೇಲಿಟ್ಟು ಬಾವಿಕಟ್ಟೆಗೆ ಹೋದಳು. ಉರಿದುಕೊಳ್ಳಲಿ, ಎರಡು ತಿಂಗಳು ನಾನು ಉರಿದಿದ್ದೇನೆ, ಈಗ ಇವಳ ಸರದಿ ಅಂತ ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಸಂಜೆ ಅತ್ತೆ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಫೋನಿನಲ್ಲಿ ದವಡೆಯ ಫೋಟೋ ದೊಡ್ಡದು ಮಾಡಿ ಅವರ ಮೂಗಿನ ಮುಂದೆ ಹಿಡಿದೆ. ಸಾವಿರಾರು ವರ್ಷದ್ದು, ನನಗೆ ಸಿಕ್ಕಿದ್ದು ಅಂದೆ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು.

"ಅಯ್ಯೋ, ಇದ್ಯಾಕೆ ಈಚೆಗೆ ತೆಗುದ್ರಿ? ಈ ಅಲ್ಲು ನೋಡು, ಸೊಟ್ಟಕೆ ಆಚ್ಗೆ ಬಂದೈತೆ. ನಿನ್ ಎರಿಗೆ ವರ್ಸ ದೇವ್ರಿಗೆ ಕೊಟ್ಟ ಟಗರು ಕಣಮ್ಮಾ ಇದು."

"ದೇವರ ಕಲ್ಲಿನ ಹತ್ತಿರ ಯಾರೂ ಅಗೆದಿಲ್ಲ ಅತ್ತೆ. ಇದು ಒಳಮೂಲೆಯದು."

"ಆ ವರ್ಸ ಕಲ್ಲಿನ ತಾವ ಜೇನು ಕಟ್ಟಿತ್ತಲ್ಲ. ನಿಮ್ ಮಾವ ಒಳ್ಗಡೆ ಮೂಲೇಲಿ ಊತು ಬಂದ್ರು." ಅತ್ತೆ ಮತ್ತೆ ಕಾಯಿ ಸುಲಿಯತೊಡಗಿದರು. "ಪಾಪ, ಅವ್ಳ ಬಳುವಳಿ ಟಗರು. ಬಾಟ್ಲಲ್ಲಿ ಆಲು ಕುಡ್ಸಿ ಸಾಕಿದ್ಳು. ಔಸ್ದಿ ಕುಡ್ಸೋವಾಗ ಈ ಅಲ್ಲು ಬೆರ್ಳಿಗೆ ಚುಚ್ತದೆ ಅಂತ ಬೈತಿದ್ಳು."

ಆ ವರ್ಷ ನಾನು ಮೆಟ್ಟೂರಿನ ಆಸ್ಪತ್ರೆಯಲ್ಲಿದ್ದೆ. ಎರಡು ದಿನ ಹೆರಿಗೆಯಾಗದೆ, ಬದುಕುವುದೇ ಕಷ್ಟ ಅನ್ನಿಸಿದಾಗ ಅತ್ತೆ ಮಂದೆಯಲ್ಲೇ ಮೇಲಾದ ಟಗರು ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದರು. ಮಂದೆಗೆಲ್ಲ ಮೇಲಾದದ್ದು ಅವಳ ಟಗರು. ಅವಳು ಮದುವೆಯಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ. ಒಲ್ಲೆ ಅಂದಿದ್ದರೆ ಯಾರೂ ಬಲವಂತ ಮಾಡುವಂತಿರಲಿಲ್ಲ. ಮಗುವನ್ನೆತ್ತಿಕೊಂಡು ಮನೆಗೆ ಬಂದಾಗ ಹರಕೆ ಸಂದಿತು ಅಂತ ಹೇಳಿದರು, ನಾನು ಕೈಮುಗಿದೆ. ಯಾರ ಟಗರು ಅಂತ ಏಳು ವರ್ಷ ನಾನು ಕೇಳಲೇ ಇಲ್ಲ.

ಬೆಳಿಗ್ಗೆ ಅವಳು ಕುರಿ ರೊಪ್ಪದ ಬೇಲಿ ಸರಿಸುತ್ತಿದ್ದಾಗ ಎದುರು ಹೋಗಿ ನಿಂತೆ. "ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಅಂದೆ. ಕೇಳಬೇಕಾದ ದನಿಯಲ್ಲಿ ಅಲ್ಲ, ಜಗಳದ ದನಿಯಲ್ಲೇ ಕೇಳಿದೆ.

"ಏಳಿದ್ರೆ ನಂಬ್ತಿದ್ಯಾ ಅಕ್ಕಾ? ಇವ್ಳಿಗೆ ಒಟ್ಟೆಕಿಚ್ಚು, ಅದ್ಕೆ ಇಂಗೆ ಏಳ್ತಾಳೆ ಅಂತಿದ್ದೆ." ಅವಳು ಮರಿಗಳನ್ನು ಒಂದೊಂದಾಗಿ ಆಚೆ ಬಿಡುತ್ತಿದ್ದಳು. "ಸೇಲಂ ಮಾತು ಬಂದಾಗ್ನಿಂದ ನನ್ ಮಕಾನೇ ನೋಡಿಲ್ಲ ನೀನು. ನನ್ ಕಂದು ಕುರಿಗೆ ಇಲ್ದಿದ್ ಕುಂಟು ಅಚ್ಚಿದ್ದು ನೀನೇ ಅಂತ ನಂಗೊತ್ತಿಲ್ವಾ?"

"ನಿನಗೆ ಸೇಲಂ ಬೇಡವಾ?" ಅಂದೆ.

"ಯಾಕ್ ಬ್ಯಾಡ? ಆಸೆ ಐತೆ. ನಾನೇನು ಕಲ್ಲಾ?" ಅಂದಳು. ಆಮೇಲೆ ನನ್ನ ಕಡೆ ತಿರುಗದೆ, "ಆದ್ರೆ ನಾನ್ ಬಾಯಿ ಬಿಟ್ಟು ನಿನ್ ಮೇಜು ಕಿತ್ಕೊಂಡೆ ಅಂತ ಆಗ್ಬಾರ್ದು. ಏಳೋದಾದ್ರೆ ನೀನೇ ಏಳು," ಅಂತ ಕುರಿ ಹೊಡೆದುಕೊಂಡು ಹೋದಳು.

ಒಳ್ಳೆಯವಳ ಹಾಗೆ ಸುಮ್ಮನೆ ಬಿಟ್ಟುಕೊಟ್ಟಿದ್ದರೆ ನಾನು ಬಹುಶಃ ತೆಗೆದುಕೊಂಡುಬಿಡುತ್ತಿದ್ದೆ. ಹಾಳಾದವಳು ಆಸೆ ಐತೆ ಅಂದುಬಿಟ್ಟಳು. ಗುಡ್ಡ ಹತ್ತುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅತ್ತೆ ಗವಿಗೆ ಬರುವವರಲ್ಲ. ಮಾವ ತೀರಿಕೊಂಡಿದ್ದಾರೆ. ಅವಳು ಹೇಳುವುದಿಲ್ಲ. ಅಗೆಯುವವನು ಬರೆಸಿದ್ದೇನೆ ಅಂತ ಮರೆತಿರುತ್ತಾನೆ. ಎಲ್ಲೋ ಪರೀಕ್ಷೆಗೆ ಕಳಿಸಿ ಉತ್ತರ ಬರುವಷ್ಟರಲ್ಲಿ ನಾನು ಎಷ್ಟೋ ದಿನ ಆ ಮೇಜಿನ ಮುಂದೆ ಕೂತಿರುತ್ತೇನೆ. ಆಸೆ ನನಗೂ ಇತ್ತು, ಕೈಗೆ ಬಂದ ಆಸೆ.

ಮೇಡಂ ಇನ್ನೂ ಬಂದಿರಲಿಲ್ಲ. ಕವರ್ ಬಿಚ್ಚಿ ದವಡೆಯನ್ನು ಹೊರಗೆ ತೆಗೆದೆ. ಸೊಟ್ಟ ಹಲ್ಲು ಬೆರಳಿಗೆ ತಾಗಿತು. ಅತ್ತೆಗೆ ವಯಸ್ಸಾಗಿದೆ, ಯಾವುದೋ ಹಲ್ಲು ನೋಡಿ ಏನೋ ಅಂದಿರಬಹುದು ಅಂತ ಕೊನೆಯ ಸಲ ಅಂದುಕೊಂಡೆ. ಕಣ್ಣು ಮುಚ್ಚಿ, ಅಷ್ಟು ದಿನ ಥೂ ಅಂದವಳು, ಮೂಳೆಯನ್ನು ನಾಲಿಗೆಗೆ ಮುಟ್ಟಿಸಿದೆ. ಅಂಟು, ಅಂಟು ಅಂತ ಒತ್ತಿ ಹಿಡಿದೆ. ಕೈ ಬಿಟ್ಟ ಕೂಡಲೇ ಅದು ಜಾರಿ ಮಡಿಲಿಗೆ ಬಿತ್ತು. ಎರಡನೇ ಸಲವೂ ಬಿತ್ತು. ಆಮೇಲೆ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಅತ್ತುಬಿಟ್ಟೆ, ಸೋತದ್ದಕ್ಕೋ ನಾಚಿಕೆಗೋ ನನಗೇ ಗೊತ್ತಾಗಲಿಲ್ಲ.

ಮೇಡಂ ಬಂದ ಮೇಲೆ ಎಲ್ಲ ಹೇಳಿದೆ. ಟಗರು, ಜೇನು, ಮಾವ ತೋಡಿದ ಗುಂಡಿ, ಸಡಿಲ ಮಣ್ಣು, ಬರೆಯದೆ ಬಿಟ್ಟ ಸಾಲು. ಹರಕೆಯ ಮಾತಿಗೆ ಅವರು ತಲೆಯಾಡಿಸಿದರು. ಬರೆಯದ ಸಾಲಿನ ಮಾತಿಗೆ ಅವರ ಮುಖ ಗಟ್ಟಿಯಾಯಿತು. "ಒಂದು ಸಾಲು ಬರೆದಿದ್ದರೆ ಸಾಕಿತ್ತಲ್ಲಮ್ಮಾ," ಅಂದರು. ಆ ಮೂಲೆಯ ಕವರುಗಳನ್ನೆಲ್ಲ ಬೇರೆ ಇಟ್ಟರು, ಅವು ಇನ್ನು ಯಾವುದಕ್ಕೂ ಸಾಕ್ಷಿಯಾಗುವುದಿಲ್ಲವಂತೆ. ಅದರಲ್ಲಿ ನಿಜವಾಗಿಯೂ ಹಳೆಯವೂ ಇದ್ದವು. ಸೇಲಂಗೆ ಯಾರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಜೆ ಅವರು ನೇರವಾಗಿ ಬಾವಿಕಟ್ಟೆಗೆ ಹೋಗಿ ವಾರಗಿತ್ತಿಯ ಪಕ್ಕ ಕೂತರು.

ಊರವರು ನಾನು ಬಿಟ್ಟುಕೊಟ್ಟೆ ಅನ್ನುತ್ತಾರೆ. ಸುಳ್ಳು. ಕೈ ಸಡಿಲ ಮಾಡಿದ್ದು ನಿಜ, ಮನಸ್ಸು ಇವತ್ತಿಗೂ ಹಿಡಿದುಕೊಂಡೇ ಇದೆ. ಈಗ ಅವಳು ಬೆಳಿಗ್ಗೆ ಬಸ್ಸಿಗೆ ಹೋಗುತ್ತಾಳೆ, ಅವಳ ಕುರಿಗಳನ್ನೂ ನಾನೇ ಮೇಯಿಸುತ್ತೇನೆ. ಕಂದು ಕುರಿ ಈಗ ನಿಜವಾಗಿಯೂ ಸ್ವಲ್ಪ ಕುಂಟುತ್ತದೆ. ಸಂಜೆ ಅವಳು ಬಂದು, ಇವತ್ತು ಇಂಥದ್ದರ ಹಲ್ಲು ನೋಡಿದೆ ಅಂತ ಅತ್ತೆಗೆ ಹೇಳುವಾಗ ನಾನು ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿರುತ್ತೇನೆ. ಕಿವಿ ಮಾತ್ರ ಅವಳ ಕಡೆಗೇ. ಅವಳು ಮಲಗಿದ ಮೇಲೆ ಕೇಳಿಸಿಕೊಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಆ ದವಡೆಯನ್ನು ಮತ್ತೆ ಹೂಳಲಿಲ್ಲ. ಹಳೆಯದನ್ನು ಗುರುತು ಹಿಡಿಯಬೇಕಾದರೆ ಪಕ್ಕದಲ್ಲಿಟ್ಟು ಹೋಲಿಸಲು ಈಗಿನ ಕುರಿಯದೊಂದು ಬೇಕು, ಕೊಡುತ್ತೀರಾ ಅಂತ ಮೇಡಂ ಕೇಳಿದ್ದರು. ಬಳುವಳಿ ಕುರಿಯಲ್ಲವೇ, ಅವಳ ಮಾತೇ ಕೊನೆ. ದೇವರ ಸೊತ್ತು ಅಂತ ಅತ್ತೆ ಗೊಣಗಿದರೂ ಅವಳು ಹೂಂ ಅಂದಳು. ಲೇಬಲ್ ನಾನೇ ಬರೆದೆ, ಗವಿಯಲ್ಲಿ ನಾನು ಬರೆದ ಕೊನೆಯ ಲೇಬಲ್. ಮುಂದುಗಡೆ ಮೇಡಂ ಹೇಳಿದ ಹಾಗೆ ಇಂಗ್ಲಿಷಿನಲ್ಲಿ. ಹಿಂದುಗಡೆ ಯಾರೂ ಹೇಳದೆ, ಯಾರಿಗೂ ಓದಲು ಬಾರದ ಕನ್ನಡದಲ್ಲಿ: ಟಗರು. ವಾರಗಿತ್ತಿಯದು. ನನ್ನ ಜೀವಕ್ಕೆ ಬದಲಾಗಿ ಕೊಟ್ಟದ್ದು.

ಅದು ಈಗ ಸೇಲಂನಲ್ಲಿ, ಆ ಲೈಟಿನ ಕೆಳಗೆ, ಅವಳ ಬಲಗೈ ಹತ್ತಿರ ಇರುತ್ತದಂತೆ. ಟಗರಿಗೂ ಮೇಜು ಸಿಕ್ಕಿತು. ಸತ್ಯ ಹೇಳುತ್ತೇನೆ, ನನಗೆ ಅದರ ಮೇಲೂ ಹೊಟ್ಟೆಕಿಚ್ಚು.